ಹೊಟ್ಟೆ ತೊಳೆಯುವವಳ ಮಗಳು

ಕಸಾಯಿಖಾನೆಯಲ್ಲಿ ಕತ್ತಿ ಹಿಡಿಯುವವನಿಗೆ ಹೆಸರಿತ್ತು, ಚರ್ಮ ಸುಲಿಯುವವನಿಗೆ ಕೂಲಿಯಿತ್ತು. ಹೊಟ್ಟೆ ತೊಳೆಯುವವಳದು ಮಾತ್ರ ಕೆಲಸವೆಂದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಗಂಡ ಕಡಿದರೆ ಹೆಂಡತಿ ತೊಳೆಯಬೇಕು. ಮನೆಯಲ್ಲಿ ಅವನು ಉಂಡೆದ್ದ ತಟ್ಟೆಯನ್ನು ತೊಳೆಯುವುದಿಲ್ಲವೇ, ಹಾಗೆ.

ಹುಡುಗಿಯ ಅಪ್ಪ ಕತ್ತಿಯವನು, ಅಮ್ಮ ಹೊಟ್ಟೆಯವಳು. ಶಾಲೆ ಬಿಟ್ಟೊಡನೆ ಅವಳು ಹಿಂಬದಿಯ ಚರಂಡಿಯ ದಂಡೆಗೆ ಬಂದು ಅಮ್ಮನ ಪಕ್ಕ ಕೂರುತ್ತಿದ್ದಳು. ಒಳಗೆ ಕಬ್ಬಿಣದ ಕೊಕ್ಕೆಗಳು ಕಿರುಗುಟ್ಟುವ ಸದ್ದು, ದನ ಕುಸಿದಾಗ ನೆಲ ಅದುರುವ ಸದ್ದು. ರಕ್ತ ಒಂದು ಕಾಲುವೆಯಲ್ಲಿ, ನೀರು ಇನ್ನೊಂದರಲ್ಲಿ ಹರಿದು ಬಂದು ಅಮ್ಮನ ಕಾಲ ಬಳಿ ಎರಡೂ ಕೂಡುತ್ತಿದ್ದವು. ಆ ಕೆಂಪು ನೀರಿನಲ್ಲಿ ನಿಂತು ಅಮ್ಮ ಒಂದೊಂದು ಹೊಟ್ಟೆಯನ್ನೂ ದಿಂಬಿನ ಗವಸಿನಂತೆ ತಿರುವಿ ಹಾಕುತ್ತಿದ್ದಳು. ಒಳಗಿಂದ ಹಬೆಯಾಡುವ ಹಸಿರು ರಾಡಿ ಬಳಬಳನೆ ಬೀಳುತ್ತಿತ್ತು.

ಒಂದು ದಿನ ಹುಡುಗಿ ಇನ್ನೂ ಸೀಳದ ಹೊಟ್ಟೆಯೊಂದಕ್ಕೆ ಕಿವಿಯಿಟ್ಟು ಕೇಳಿದಳು. "ಅಮ್ಮಾ, ಇದು ಸತ್ತಿದೆ ತಾನೆ? ಮತ್ತೆ ಯಾಕೆ ಗುಳುಗುಳು ಅಂತಿದೆ?"

"ದನ ಸತ್ತಿದೆ. ಹೊಟ್ಟೆಗೆ ಇನ್ನೂ ಸುದ್ದಿ ಹೋಗಿಲ್ಲ," ಎಂದಳು ಅಮ್ಮ.

ಅಮ್ಮನಿಗೆ ಅದು ದಣಿವಿನ ನಡುವೆ ಆಡಿದ ಒಂದು ತಮಾಷೆ. ಮಗಳು ಮುಂದಿನ ಮೂವತ್ತು ವರ್ಷ ಆ ತಮಾಷೆಯ ಬೆನ್ನು ಹತ್ತಿದಳು.

ಅಪ್ಪನ ಕತ್ತಿ ಮನೆಯಲ್ಲಿ ಎತ್ತರದ ಮೊಳೆಗೆ ತೂಗುತ್ತಿತ್ತು. ಹೆಣ್ಣು ಮುಟ್ಟಿದರೆ ಅಲಗು ಮೊಂಡಾಗುತ್ತದೆ ಎನ್ನುತ್ತಿದ್ದ. ಕತ್ತಿಯ ಚೂಪು ಬದಿ ದನಗಳಿಗೆ, ಮೊಂಡು ಬದಿ ಹೆಂಡತಿಗೆ. ಒಮ್ಮೆ ಅಡುಗೆ ತಡವಾಯಿತೆಂದು ಬೀಸಿದ ಏಟಿಗೆ ಅಮ್ಮನ ಎರಡು ಹಲ್ಲು ಬಿದ್ದವು. ಮರುದಿನ ಬೆಳಿಗ್ಗೆ ಅವಳು ದವಡೆಗೆ ಬಟ್ಟೆ ಕಟ್ಟಿಕೊಂಡು ಎಂದಿನಂತೆ ಚರಂಡಿಯ ಬಳಿ ನಿಂತಿದ್ದಳು. ಜೊತೆಯವಳೊಬ್ಬಳು ಏನಾಯಿತೆಂದು ಕೇಳಿದಾಗ, "ಕಲ್ಲು ಅಗಿದೆ," ಎಂದಿದ್ದಳು. ಅಪ್ಪ ಕುಡಿದು ಕುಡಿದು ಸತ್ತ ಮೇಲೂ ಕತ್ತಿ ಅದೇ ಮೊಳೆಯಲ್ಲಿತ್ತು. ಇಳಿಸಲು ಅಮ್ಮನಿಗೆ ಕೈ ಬರಲಿಲ್ಲ. ಹೆದರಿಕೆಗೂ ಹಳೆಯ ರೂಢಿ ಎಂಬುದೊಂದು ಇರುತ್ತದಲ್ಲ.

ಮಗಳು ಓದಿದಳು. ಕಾಲೇಜಿನಲ್ಲಿ ಮೊದಲ ಸಲ ಹಸುವಿನ ಹೊಟ್ಟೆಯ ಒಂದು ಹನಿ ರಸವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ, ಅಮ್ಮ ದಿನಾ ಚರಂಡಿಗೆ ಚೆಲ್ಲುತ್ತಿದ್ದ ರಾಡಿಯೊಳಗೆ ಒಂದು ಸಂತೆಯೇ ನೆರೆದಿರುವುದು ಕಂಡಿತು. ಮೈತುಂಬ ಕೂದಲಿನವು, ಉರುಳುವವು, ಒಂದನ್ನೊಂದು ಹಿಡಿದು ನುಂಗುವವು. ಹಸು ಹುಲ್ಲು ತಿನ್ನುತ್ತದೆ ಎಂಬುದು ಅರ್ಧ ಸತ್ಯ. ಹುಲ್ಲು ತಿನ್ನುವವು ಇವು, ಹಸು ಇವನ್ನು ಸಾಕಿ ಇವುಗಳ ದುಡಿಮೆಯಿಂದ ಬದುಕುತ್ತದೆ. ಗಾಳಿ ತಾಗಿದರೆ ಸಾಯುತ್ತವೆ, ತಣ್ಣಗಾದರೆ ಸಾಯುತ್ತವೆ, ಕತ್ತಲಲ್ಲಿ ಬಿಸಿಯಲ್ಲಿ ಹಗಲಿರುಳು ದುಡಿಯುತ್ತವೆ. ಹೆಸರು ಮಾತ್ರ ಹಸುವಿಗೆ. ಕೈ ಕೆಸರು ಒಬ್ಬರದು, ಬಾಯಿ ಮೊಸರು ಇನ್ನೊಬ್ಬರದು.

ಪಶು ಸಂಶೋಧನಾ ಕೇಂದ್ರದ ಸಂದರ್ಶನದಲ್ಲಿ ಒಬ್ಬ ಹಿರಿಯ ಕೇಳಿದ, "ಈ ವಾಸನೆ ಹೆಣ್ಣುಮಕ್ಕಳಿಗೆ ಆಗುತ್ತೇನಮ್ಮ?"

"ವಾಸನೆ ತೊಳೆಯೋರು ಯಾರು ಅಂದ್ಕೊಂಡಿದ್ದೀರಿ ಸಾರ್?" ಎಂದಳು. ಕೆಲಸ ಸಿಕ್ಕಿತು.

ಗಂಡನೂ ಅಲ್ಲೇ ಸಿಕ್ಕಿದ. ಕೇಂದ್ರದ ದನದ ಫಾರಂಗೆ ಅವನೇ ಮುಖ್ಯಸ್ಥ, ಪಶುವೈದ್ಯ. ಕೊಟ್ಟಿಗೆಯಲ್ಲೂ ಬಿಳಿ ಕರವಸ್ತ್ರ ಮಡಿಚಿ ಹಿಡಿದು ಓಡಾಡುವವನು, ಮಾತು ಬೆಣ್ಣೆ. ಕಸಾಯಿಖಾನೆಯ ಕಡೆಯವನಲ್ಲ, ಕೈಯಲ್ಲಿ ಕತ್ತಿಯಿಲ್ಲ ಎಂದು ಅಮ್ಮ ಒಪ್ಪಿದಳು. ಕೈಯೇ ಸಾಕಾಗುತ್ತದೆ ಎಂದು ಆಮೇಲೆ ತಿಳಿಯಿತು. ಮೊದಲ ಏಟು ಬಿದ್ದದ್ದು ಒಂದು ಫ್ಲಾಸ್ಕಿನ ಸಲುವಾಗಿ. ಹೊಟ್ಟೆಯ ರಸವಿದ್ದ ಫ್ಲಾಸ್ಕನ್ನು ಬಿಸಿ ಆರದಂತೆ ಒಲೆಯ ಪಕ್ಕ ಇಟ್ಟಿದ್ದಳು. ಅವನು ಅದನ್ನು ಕಾಫಿಯೆಂದು ಬಗ್ಗಿಸಿಕೊಂಡ. ನಗುವ ವಿಷಯವೇ, ಅವಳು ನಕ್ಕಳು. ಅವನು ರಸವನ್ನು ಸಿಂಕಿಗೆ ಸುರಿದು, ಅವಳ ಕತ್ತು ಹಿಡಿದು ಮುಖವನ್ನು ಅದರೊಳಕ್ಕೆ ಒತ್ತಿದ. ನಲ್ಲಿಗೆ ಬಡಿದು ಹುಬ್ಬು ಸೀಳಿತು. ಮರುದಿನ ಪ್ರಯೋಗಾಲಯದಲ್ಲಿ, "ಬಾಗಿಲಿಗೆ ಬಡಿದುಕೊಂಡೆ," ಎಂದಳು. ಹೇಳಿದ ಮೇಲೆ ಅಮ್ಮ ಅಗಿದ ಕಲ್ಲು ನೆನಪಾಯಿತು.

ಬೆಳಿಗ್ಗೆ ಎದ್ದು ಒಲೆ, ಡಬ್ಬಿ, ಅವನ ಬಿಳಿ ಕೋಟಿಗೆ ಇಸ್ತ್ರಿ. ಆಮೇಲೆ ಹೊಟ್ಟೆಗಳು. ಸಂಜೆ ಮತ್ತೆ ಒಲೆ. ಕೇಂದ್ರದಲ್ಲಿ ಅವಳನ್ನು ಹೊಟ್ಟೆ ಡಾಕ್ಟ್ರಮ್ಮ ಎಂದು ಕರೆಯುತ್ತಿದ್ದರು. ಮನೆಯಲ್ಲಿ ಅವನು, "ಮೊದಲು ಕೈ ತೊಳ್ಕೊಂಡು ಬಾ," ಎನ್ನುತ್ತಿದ್ದ.

ಅವಳ ಬದುಕಿನ ದೊಡ್ಡ ಕೆಲಸ ನಡುಕದ ಸೊಪ್ಪಿನದು. ಗುಡ್ಡದ ಮೇವುಗಾವಲಿನಲ್ಲಿ ಹಬ್ಬಿದ್ದ ನೀಲಿ ಹೂವಿನ ಕಳೆ ಅದು. ಹುಲ್ಲೊಣಗಿದ ಮೇಲೂ ಹಸಿರಾಗಿರುತ್ತಿತ್ತು, ಕುರಿಗಳನ್ನು ಕರೆಯುತ್ತಿತ್ತು. ತಿಂದ ಕುರಿಗೆ ಮೊದಲು ತುಟಿ ನಡುಗುತ್ತದೆ, ಆಮೇಲೆ ತೊಡೆ. ಬಿದ್ದು ನಾಲ್ಕೂ ಕಾಲು ಒದ್ದುಕೊಂಡು, ಮೂಗಿನಲ್ಲಿ ರಕ್ತದ ನೊರೆ ಕಾರಿ ಸಾಯುತ್ತದೆ. ಅಂಥ ಒಂದು ವರ್ಷ ಗುಡ್ಡದ ದಾರಿಯಲ್ಲಿ ಸತ್ತ ಕುರಿಗಳನ್ನು ತುಳಿಯದೆ ನಡೆಯಲಾಗುತ್ತಿರಲಿಲ್ಲ. ಬದುಕಿದ್ದವನ್ನು ನಾಯಿಗಳು ಬದುಕಿದ್ದಂತೆಯೇ ಹರಿಯುತ್ತಿದ್ದವು.

ಆದರೆ ದೂರದ ಬಂಡೆಗಳ ನಡುವೆ ಮೇಯುತ್ತಿದ್ದ ಒಂದಿಷ್ಟು ಕಾಡುಮೇಕೆಗಳು ಅದೇ ಸೊಪ್ಪನ್ನು ತಿಂದು ಆರಾಮವಾಗಿ ಮೆಲುಕು ಹಾಕುತ್ತಿದ್ದವು. ಅವುಗಳ ಹೊಟ್ಟೆಯ ಸಂತೆಯಲ್ಲಿ ಆ ವಿಷವನ್ನೇ ಉಣ್ಣುವ ಜೀವಿಯೊಂದು ಇತ್ತು. ಅವಳು ಅದನ್ನು ಕಂಡುಹಿಡಿದಳು, ಹಿಡಿದಿಡಲು ಮಾತ್ರ ಆಗಲಿಲ್ಲ. ಗಾಜಿನ ಕೊಳವೆಯಲ್ಲಿ ಒಂಟಿಯಾಗಿ ಬಿಟ್ಟರೆ ಸಾಯುತ್ತಿತ್ತು. ಸಂತೆಯ ನಡುವೆಯೇ ಬದುಕುವ ಜಾತಿ. ಕೊನೆಗೆ ಅವಳು ಕಾಡುಮೇಕೆಯ ಹೊಟ್ಟೆಯ ರಸವನ್ನು ಕಿಟಕಿಯ ಹೊಟ್ಟೆಗೆ ಬಿಟ್ಟಳು.

ಕಿಟಕಿ ಎಂದರೆ ಕೇಂದ್ರದ ಕಂದು ಹಸು. ಅದರ ಎಡಪಕ್ಕೆಯಲ್ಲಿ ತೂತು ಕೊರೆದು, ರಬ್ಬರಿನ ಬಳೆ ಕೂರಿಸಿ ಮುಚ್ಚಳ ಹಾಕಿದ್ದರು. ಮುಚ್ಚಳ ತೆಗೆದರೆ ಭುಜದವರೆಗೆ ಕೈ ಹಾಕಿ ಹೊಟ್ಟೆಯೊಳಗಿನದನ್ನು ತೆಗೆಯಬಹುದು. ಒಳಗಿನ ಸ್ನಾಯು ಹಿಟ್ಟು ನಾದುವ ಕೈಯಂತೆ ಅವಳ ಬೆರಳುಗಳನ್ನು ಹಿಸುಕುತ್ತಿತ್ತು. ತಿಂಗಳುಗಟ್ಟಲೆ ಹುಲ್ಲಿನ ಜೊತೆ ಚೂರು ಚೂರೇ ಸೊಪ್ಪು ತಿನ್ನಿಸಿ ಆ ಜೀವಿಯನ್ನು ಅಲ್ಲಿ ನೆಲೆಯೂರಿಸಿದಳು. ಕಿಟಕಿ ಬಡಕಲಾದರೂ ಬದುಕಿತು. ಈಗ ಅದರ ರಸವನ್ನು ಕುರಿಗಳಿಗೆ ಕುಡಿಸುವುದೊಂದೇ ಬಾಕಿ.

ಕುರಿಮಂದೆಯ ಯಜಮಾನ ಒಕ್ಕಣ್ಣ. ಒಂದು ಕಣ್ಣನ್ನು ಟಗರು ತೆಗೆದಿತ್ತು, ಇನ್ನೊಂದರಿಂದ ಎರಡರಷ್ಟು ನೋಡುತ್ತಿದ್ದ. ಕೆಳಗಿನ ಹುಲ್ಲು ಮುಗಿದಿತ್ತು. ಮಂದೆಯನ್ನು ಗುಡ್ಡದ ಕಲ್ಲಿನ ದೊಡ್ಡಿಯಲ್ಲಿ ಕೂಡಿಟ್ಟುಕೊಂಡು ಅವಳ ಮಾತಿಗೆ ಕಾದಿದ್ದ. "ನಾಡಿದ್ದು ಬೆಳಗಾದರೆ ಬಾಗಿಲು ತೆಗೀತೀನಿ. ಉಪವಾಸ ಸಾಯಿಸೋಕಾಗಲ್ಲ. ಅಷ್ಟರಲ್ಲಿ ನಿಮ್ಮ ಕಷಾಯ ಕುಡಿಸಿ. ಈ ಸಲ ಕುರಿ ಸತ್ರೆ ನಿಮ್ಮ ಹೊಟ್ಟೆಗೂ ಒಂದು ಕಿಟಕಿ ಇಡ್ತೀನಿ," ಎಂದ. ಅವನ ಸೊಂಟದಲ್ಲಿ ಚೂರಿಯಿತ್ತು, ಮುಖದಲ್ಲಿ ನಗು ಇರಲಿಲ್ಲ.

"ನಾಳೆ ಸಂಜೆ ತರ್ತೀನಿ," ಎಂದಳು.

ಮನೆಗೆ ಬಂದರೆ ಗಂಡ ಬಾಗಿಲಲ್ಲೇ ಹೇಳಿದ. ದೊಡ್ಡ ಅಧಿಕಾರಿಗಳು ಆಗಲೇ ಬಂದಿಳಿದಿದ್ದಾರೆ, ನಾಲ್ಕು ದಿನ ಇರುತ್ತಾರೆ. ಈಗ ಕಿಟಕಿಯನ್ನು ನೋಡಿಕೊಂಡು ಊಟಕ್ಕೆ ಮನೆಗೇ ಬರುತ್ತಾರೆ.

"ಹೋಟೆಲಿಂದ ತರಿಸಿ. ನಾಳೆಗೆ ನಾನು ಸಿದ್ಧ ಮಾಡ್ಕೋಬೇಕು."

"ಮನೆ ಊಟ ಅಂದಿದೀನಿ. ಒಂದು ದಿನ ದನದ ಹೊಟ್ಟೆ ಬಿಟ್ಟು ಮನುಷ್ಯರ ಹೊಟ್ಟೆ ನೋಡು."

ನೋಡಿದಳು. ಹಿಟ್ಟು ನಾದಿದಳು, ದೊಡ್ಡ ಪಾತ್ರೆಯಲ್ಲಿ ಸಿಹಿ ಗಂಜಿ ಕಾಯಿಸಿದಳು, ಒಲೆಯ ಮುಂದೆ ಬೆವರಿ ಬೆಂದಳು. ಬಂದವರಲ್ಲಿ ಹಿರಿಯನಿಗೆ ಹೊಟ್ಟೆ ಸರಿಯಿರಲಿಲ್ಲ. ಅವನು ತಿನ್ನದಿದ್ದರೆ ಕಿರಿಯರು ತಿನ್ನುವಂತಿಲ್ಲ. ಎಲ್ಲರೂ ಎರಡು ತುತ್ತಿಗೆ ಕೈ ತೊಳೆದರು. ಮಾಡಿದ್ದೆಲ್ಲ ಹಾಗೇ ಉಳಿಯಿತು.

"ಬಕೆಟ್ಟಿಗೆ ತುಂಬು, ಫಾರಂಗೆ ಕಳಿಸ್ತೀನಿ," ಎಂದ ಗಂಡ. ಫಾರಂನಲ್ಲಿ ಹಂದಿಗಳೂ ಇದ್ದವು, ಅವಕ್ಕೇ ಇರಬೇಕು ಎಂದುಕೊಂಡಳು. ಅವಳು ಗಂಜಿ, ರೊಟ್ಟಿ, ಉಳಿದ ಹಿಟ್ಟು ಎಲ್ಲವನ್ನೂ ತನ್ನ ಕೈಯಾರೆ ಬಳಿದು ಬಕೆಟ್ಟುಗಳಿಗೆ ತುಂಬಿದಳು. ಬದಿಗಂಟಿದ್ದನ್ನೂ ಸೌಟಿನಿಂದ ಕೆರೆದು ಹಾಕಿದಳು. ಅನ್ನ ಹಾಳು ಮಾಡಬಾರದು ಎಂದು ಬೆಳೆದವಳು.

ಬೆಳಿಗ್ಗೆ ಫ್ಲಾಸ್ಕು ಹಿಡಿದು ಕೊಟ್ಟಿಗೆಗೆ ಹೋದಾಗ ಕಿಟಕಿ ಮಲಗಿತ್ತು. ಕಣ್ಣು ಗುಳಿಬಿದ್ದು ಒಳಗೆ ಹೋಗಿದ್ದವು. ಹಲ್ಲು ಕಟಕಟ ಕಡಿಯುತ್ತಿತ್ತು. ಪಕ್ಕದಲ್ಲಿ ಅವಳ ಮನೆಯ ಬಕೆಟ್ಟುಗಳು ನೆಕ್ಕಿ ಬೆಳಗಿದಂತೆ ಖಾಲಿಯಾಗಿದ್ದವು.

ಕೊಟ್ಟಿಗೆ ಗುಡಿಸುವ ಹೆಂಗಸು ಪೊರಕೆ ಬಿಟ್ಟು ಓಡಿಬಂದಳು. "ಸಾಹೇಬ್ರೇ ತಿನ್ನಿಸು ಅಂದ್ರಮ್ಮ. ದೊಡ್ಡವರು ಹಸು ಬಡಕಲು ಅಂದ್ರಂತೆ. ಪಾಪ, ಅದು ಎಷ್ಟು ಆಸೆಯಿಂದ ತಿಂತು ಗೊತ್ತಾ, ಬಾಲ ಅಲ್ಲಾಡಿಸ್ಕೊಂಡು."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ಇಲ್ಲಿ ಹಿಟ್ಟೇ ಹೊಟ್ಟೆಯನ್ನು ಕೊಂದಿತ್ತು. ಹುಲ್ಲಿನ ಹೊಟ್ಟೆಗೆ ಬೆಂದ ಹಿಟ್ಟು, ಸಿಹಿ ಒಮ್ಮೆಲೇ ಬಿದ್ದರೆ ಹುಳಿ ಎಬ್ಬಿಸುವ ಜೀವಿಗಳು ಮಿತಿ ಮೀರಿ ಬೆಳೆಯುತ್ತವೆ. ಆ ಹುಳಿಯಲ್ಲಿ ಉಳಿದ ಸಂತೆಯೆಲ್ಲ ಬೆಂದು ಸಾಯುತ್ತದೆ. ಆಮೇಲೆ ಹಸು.

ಅವಳು ಮುಚ್ಚಳ ತೆಗೆದು ಕೈ ಹಾಕಿದಳು. ಬೆರಳು ಹಿಸುಕುವ ಸ್ನಾಯು ಅಲುಗಲಿಲ್ಲ. ಒಳಗೆಲ್ಲ ಕೊಳೆತ ನೀರು, ಅದರಲ್ಲಿ ತೇಲುವ ಅವಳದೇ ಹಿಟ್ಟಿನ ಉಂಡೆಗಳು, ಹುಳಿಬಂದ ಹಿಟ್ಟಿನ ಘಾಟು. ಎಲ್ಲಾದರೂ ಒಂದು ಮೂಲೆಯಲ್ಲಿ ಜೀವ ಉಳಿದಿರಬಹುದೇ ಎಂದು ಆಳಕ್ಕೆ ತಡಕುತ್ತಿದ್ದಂತೆ ಕಿಟಕಿ ಒಮ್ಮೆಲೇ ಸೆಟೆದು ಒದ್ದುಕೊಂಡಿತು. ಬಳೆಯ ಅಂಚಿಗೆ ಸಿಕ್ಕಿ ತೋಳು ತಿರುಚಿತು, ಭುಜ ಲಟಕ್ಕೆಂದಿತು. ಹಸು ಇನ್ನೆರಡು ಸಲ ನೆಲಕ್ಕೆ ತಲೆ ಚಚ್ಚಿಕೊಂಡು ಸತ್ತಿತು. ಅವಳ ಕೈ ಇನ್ನೂ ಅದರೊಳಗೇ ಇತ್ತು.

ಗಂಡ ಬಂದ. ಕರವಸ್ತ್ರ ಮೂಗಿಗೆ ಹಿಡಿದು ನೋಡಿದ.

"ಸರಿ, ಆಯ್ತಲ್ಲ. ಆ ಸೊಪ್ಪೇ ಕೊಂದಿದ್ದು ಅಂತ ಅವರಿಗೆ ಹೇಳು."

"ಕೊಂದಿದ್ದು ನನ್ನ ಅಡುಗೆ. ತಿನ್ನಿಸಿದ್ದು ನೀವು."

"ಸೊಪ್ಪು ಅಂತ ಹೇಳ್ತೀಯ."

"ಹಾಗಂದ್ರೆ ಈ ಕೆಲಸ ಇಲ್ಲಿಗೇ ಮುಗೀತು. ನಾಳೆ ಒಕ್ಕಣ್ಣನ ಮಂದೆಯೂ ಮುಗಿಯುತ್ತೆ."

ಅವನು ಬಕೆಟ್ಟನ್ನೇ ಎತ್ತಿ ಬೀಸಿದ. ಕಬ್ಬಿಣದ ಅಂಚು ಕಿವಿಯ ಮೇಲೆ ಬಿತ್ತು. ಅವಳು ಹಸುವಿನ ಮೈಮೇಲೆ ಬಿದ್ದಳು, ಮತ್ತೆ ಎದ್ದಳು. ಕಿವಿಯಿಂದ ಕುತ್ತಿಗೆಗೆ ರಕ್ತ ಇಳಿಯುತ್ತಿತ್ತು. ಗುಡಿಸುವವಳು ಗೋಡೆಯ ಕಡೆ ತಿರುಗಿ ನಿಂತಿದ್ದಳು. ಚಿಕ್ಕವಳಿದ್ದಾಗ ಇವಳೂ ಎಷ್ಟೋ ಸಲ ಹಾಗೆ ಗೋಡೆ ನೋಡಿದ್ದಳು, ಅಪ್ಪ ಅಮ್ಮನಿಗೆ ಹೊಡೆಯುವಾಗ.

ಅಮ್ಮ ಎಂದೊಡನೆ ನೆನಪಾಯಿತು. ಅಮ್ಮನ ಹಿತ್ತಲಿನಲ್ಲಿ ಕುಂಟಿಯಿದೆ.

ಕುಂಟಿ ಮೊದಮೊದಲ ಪ್ರಯೋಗದ ಕುರಿ. ಕಾಡುಮೇಕೆಯ ರಸವನ್ನೇ ನೇರ ಕುಡಿಸಿದ್ದಳು. ಕಾಲು ಮುರಿದುಕೊಂಡಾಗ ಕೇಂದ್ರದವರು ಕಡಿಯಲು ಹೊರಟರು, ಅವಳು ಅದನ್ನು ಅಮ್ಮನಿಗೆ ಕೊಟ್ಟಿದ್ದಳು. ಅಮ್ಮನ ಹಿತ್ತಲಿನ ಚರಂಡಿಗುಂಟ ಈಗ ನಡುಕದ ಸೊಪ್ಪು ಸೊಂಪಾಗಿ ಬೆಳೆದಿತ್ತು.

ಬಸ್ಸಿಳಿದು ಒಳಗೆ ಬಂದ ಮಗಳ ಕಿವಿಯನ್ನು ಅಮ್ಮ ನೋಡಿದಳು. ಏನಾಯಿತೆಂದು ಕೇಳಲಿಲ್ಲ. ಒದ್ದೆ ಬಟ್ಟೆ ತಂದು ಒತ್ತಿದಳು.

"ಅಮ್ಮ, ಕುಂಟಿ ಆ ನೀಲಿ ಹೂವಿನ ಸೊಪ್ಪು ತಿನ್ನುತ್ತಾ?"

"ಬೆಳಿಗ್ಗೆಯಿಂದ ಅದನ್ನೇ ಮೇಯ್ತಿದೆ. ನಿನ್ನ ವಿಷಕ್ಕೆ ಅದರ ಹತ್ರ ಮರ್ಯಾದೆನೇ ಇಲ್ಲ."

"ನನಗೆ ಅದರ ಹೊಟ್ಟೆ ಬೇಕು. ಪೂರ್ತಿ. ಕೊಳವೆ ಹಾಕಿ ತೆಗೆದ್ರೆ ಮಂದೆಗೆಲ್ಲ ಸಾಲಲ್ಲ. ಈಗಲೇ."

ಅಮ್ಮ ಕುಂಟಿಯನ್ನು ನೋಡಿದಳು. ಅದು ಅವಳ ಹಿಂದೆ ಹಿಂದೆಯೇ ಅಡುಗೆಮನೆಗೆ ಬರುವ, ಅವಳ ಹಾಸಿಗೆಯ ಪಕ್ಕ ಮಲಗುವ ಕುರಿ. ಅದರ ಕೊರಳ ಹಗ್ಗವನ್ನು ಬಿಚ್ಚಿ ಕೈಗೆ ಸುತ್ತಿಕೊಂಡಳು. "ಕಸಾಯಿಖಾನೆಯಿಂದ ಯಾರನ್ನಾದ್ರೂ ಕರೀಲಾ?" ಎಂದಳು ಕೊನೆಗೆ.

"ಅವರು ಬಂದು, ಮಾತಾಡಿ, ಕತ್ತಿ ಮಸೆದು ಮುಗಿಸೋಷ್ಟರಲ್ಲಿ ಹೊತ್ತಾಗುತ್ತೆ. ಅಭ್ಯಾಸದಲ್ಲಿ ಹೊಟ್ಟೆ ಸೀಳಿಬಿಟ್ರೆ ಒಳಕ್ಕೆ ಗಾಳಿ ಹೋಗುತ್ತೆ. ನಾನೇ ಕೊಯ್ತೀನಿ."

ಅಮ್ಮ ಸ್ಟೂಲು ಹತ್ತಿ ಮೊಳೆಯಿಂದ ಕತ್ತಿ ಇಳಿಸಿದಳು. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಮಸೆದಳು. ಬೆರಳ ಉಗುರಿನ ಮೇಲೆ ಅಲಗನ್ನು ಎಳೆದು ನೋಡಿದಳು. "ಮೊಂಡಾಗಲಿಲ್ಲ," ಎಂದಳು.

ಸಾವಿರಾರು ಸತ್ತ ಪ್ರಾಣಿಗಳನ್ನು ಸೀಳಿದ್ದ ಮಗಳು ಜೀವವಿರುವ ಒಂದನ್ನೂ ಕೊಂದಿರಲಿಲ್ಲ. ಅಮ್ಮ ಕುಂಟಿಯನ್ನು ತೊಡೆಯ ಮೇಲೆ ಮಲಗಿಸಿ ಅದರ ಕಣ್ಣಿನ ಮೇಲೆ ಅಂಗೈ ಇಟ್ಟಳು. ಮೊದಲ ಏಟು ಆಳಕ್ಕೆ ಹೋಗಲಿಲ್ಲ. ಕುರಿ ಅರಚಿ ಒದ್ದಿತು, ಅಮ್ಮನ ಮೊಣಕೈ ತರಚಿತು. "ಹೆದರಬೇಡ, ನೀನು ಹೆದರಿದ್ರೆ ಅದಕ್ಕೆ ಇನ್ನೂ ಕಷ್ಟ," ಎಂದಳು ಅಮ್ಮ. ಎರಡನೆಯದು ಕತ್ತಿನ ಎಲುಬು ಮುಟ್ಟಿತು. ಬಿಸಿ ರಕ್ತ ಇಬ್ಬರ ಮುಖಕ್ಕೂ ಚಿಮ್ಮಿತು. ಕುಂಟಿಯ ಮುರಿದ ಕಾಲು ಎಲ್ಲಕ್ಕಿಂತ ಕೊನೆಗೆ ಒದೆಯುವುದನ್ನು ನಿಲ್ಲಿಸಿತು.

"ಬೇಗ, ಹೊಟ್ಟೆಗೆ ಸುದ್ದಿ ಹೋಗೋ ಮೊದಲು," ಎಂದಳು ಮಗಳು.

ಅವಳು ಸೀಳಿದಳು, ಅಮ್ಮ ಒಳಗೆ ಕೈ ಹಾಕಿ ಅನ್ನನಾಳದ ಬಾಯಿಗೂ ಕೆಳಗಿನ ಕರುಳಿಗೂ ದಾರ ಬಿಗಿದಳು. ಹೊಟ್ಟೆ ತುಂಬಿದ ಚೀಲದಂತೆ ಇಡಿಯಾಗಿ, ಬೆಚ್ಚಗೆ ಹೊರಬಂತು. ಒಳಗೆ ಗುಳುಗುಳು ಎನ್ನುತ್ತಿತ್ತು.

ಆಗಲೇ ಗಂಡ ಹಿತ್ತಲಿಗೆ ಬಂದದ್ದು. ಬಾಗಿಲಲ್ಲಿ ಅವನ ಕಾರು ಇನ್ನೂ ಗುರುಗುಟ್ಟುತ್ತಿತ್ತು.

"ಅವರು ಕಾಯ್ತಿದಾರೆ. ಬಂದು ಸೊಪ್ಪು ಅಂತ ಹೇಳಿ ಹೋಗು."

"ಪಕ್ಕಕ್ಕೆ ಸರೀರಿ, ಬೆಳಕಿಗೆ ಅಡ್ಡ ಬರ್ತಿದೀರಿ," ಎಂದಳು ಅವಳು. ಹೊಟ್ಟೆಯನ್ನು ಹಳೆಯ ರಜಾಯಿಯಲ್ಲಿ ಸುತ್ತುತ್ತಿದ್ದಳು.

ಅವನು ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದ. ತಲೆ ಕಲ್ಲಿಗೆ ಬಡಿಯಿತು. ರಜಾಯಿ ಕೈ ಜಾರಿತು. ಅವನು ಅದನ್ನು ಒದೆಯಲು ಕಾಲೆತ್ತಿದ. ಅವಳು ಅದರ ಮೇಲೆ ಬಿದ್ದು ಅಪ್ಪಿಕೊಂಡಳು, ಬೂಟು ಪಕ್ಕೆಲುಬಿಗೆ ಬಿತ್ತು. ಎರಡನೇ ಸಲವೂ ಬಿತ್ತು. ಮೂರನೆಯದಕ್ಕೆ ಅವನು ಬಗ್ಗಿ ರಜಾಯಿಯ ತುದಿಗೆ ಕೈ ಹಾಕಿದಾಗ, ಅಮ್ಮ ಸಾಣೆಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮಣಿಕಟ್ಟಿನ ಮೇಲೆ ಹಾಕಿದಳು. ಒಣ ಕಟ್ಟಿಗೆ ಮುರಿದ ಸದ್ದಾಯಿತು. ಅವನು ಕೈ ಎದೆಗವುಚಿ ಕುಸಿದು ಕುಳಿತ.

ಅಮ್ಮ ಏದುಸಿರು ಬಿಡುತ್ತಾ ನಿಂತಿದ್ದಳು. "ಇದು ನಿಮ್ಮದಲ್ಲ ಅಳಿಯಂದಿರೇ," ಎಂದಳು. "ನಿಮ್ಮ ಮಾವನವರಿಗೆ ಇಟ್ಟಿದ್ದು. ತಲುಪೋಕೆ ತಡವಾಯ್ತು."

ಆಸ್ಪತ್ರೆಯಲ್ಲಿ ಅವನು ಹೋರಿ ಒದ್ದಿತು ಎಂದನಂತೆ. ಬಾಗಿಲು, ಮೆಟ್ಟಿಲು, ಜಾರುವ ನೆಲ ಎಂದು ವರ್ಷಗಟ್ಟಲೆ ಹೇಳಿದ್ದವಳು ಆಮೇಲೆ ಅದು ತಿಳಿದಾಗ, ನೋಯುವ ಪಕ್ಕೆ ಹಿಡಿದುಕೊಂಡು ನಕ್ಕಳು.

ಅವನು ಆಸ್ಪತ್ರೆ ಸೇರುವ ಹೊತ್ತಿಗೆ ತಾಯಿ ಮಗಳು ತರಕಾರಿ ಲಾರಿಯೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿದ್ದರು. "ಮಡಿಲಲ್ಲಿ ಮಗೂನಾ?" ಎಂದ ಚಾಲಕ. "ಹ್ಞೂಂ, ಕಾಯಿಲೆ. ಬೇಗ ಓಡಿಸಪ್ಪ," ಎಂದಳು ಅಮ್ಮ. ಇಬ್ಬರ ಬಟ್ಟೆಯ ಮೇಲಿನ ರಕ್ತ ನೋಡಿ ಅವನು ಗುಡ್ಡದವರೆಗೂ ವೇಗ ಇಳಿಸಲಿಲ್ಲ.

ಒಕ್ಕಣ್ಣ ದೊಡ್ಡಿಯ ಬಾಗಿಲಲ್ಲಿದ್ದ. ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ. "ನಾನು ಹೇಳಿದ ಕಿಟಕಿ ಬೇರೆ ಯಾರೋ ಇಡೋಕೆ ಹೊರಟ ಹಾಗಿದೆ," ಎಂದ.

"ಕುರಿ ಹಿಡೀರಿ," ಎಂದಳು ಅವಳು.

ಕುಂಟಿಯ ಹೊಟ್ಟೆಗೆ ಸಣ್ಣ ತೂತು ಮಾಡಿ ಅಮ್ಮ ಅದನ್ನು ಮೆಲ್ಲಗೆ ಹಿಸುಕಿದಳು. ರಸ ಮನೆಯಿಂದ ತಂದಿದ್ದ ಚಹಾದ ಕೆಟಲಿನೊಳಗೆ ಗಾಳಿಗೆ ಜಾಗವಿಲ್ಲದಂತೆ ಕಂಠದವರೆಗೆ ತುಂಬಿತು. ಒಕ್ಕಣ್ಣನ ಕಡೆಯವರು ಒಂದೊಂದೇ ಕುರಿಯ ದವಡೆ ಬಿಡಿಸಿದರು. ಅವಳು ಕೆಟಲಿನ ಮೂತಿಯನ್ನು ನಾಲಿಗೆಯ ಬುಡಕ್ಕಿಟ್ಟು ಒಂದೊಂದು ಗುಟುಕು ಬಗ್ಗಿಸಿದಳು. ತಿರುಚಿದ ಭುಜ ಮೇಲೇಳದಾದಾಗ ಎಡಗೈಗೆ ಬದಲಾಯಿಸಿದಳು. ಕುರಿಗಳು ಕೊಂಬಿನಿಂದ ತಿವಿದವು, ಕಾಲು ತುಳಿದವು. ಹೊತ್ತು ಮುಳುಗುವ ಹೊತ್ತಿಗೆ ಹೊಟ್ಟೆ ಬರಿದಾಯಿತು.

ಬೆಳಗಾದಾಗ ಒಕ್ಕಣ್ಣ ಬಾಗಿಲು ತೆಗೆದ. ಹಸಿದ ಮಂದೆ ನೀಲಿ ಹೂವಿನ ಮೇಲೆ ಮುಗಿಬಿತ್ತು. ಬಿಸಿಲು ಏರುವ ಮೊದಲೇ ಒಂದು ಟಗರಿಗೆ ತುಟಿ ನಡುಗಿತು. ಅದು ಬಿದ್ದು ಒದ್ದುಕೊಂಡಿತು. ಒಕ್ಕಣ್ಣ ಚೂರಿ ತೆಗೆದು ಅದರ ಕತ್ತು ಕೊಯ್ದ, ತಲೆಯೆತ್ತಿ ಅವಳನ್ನು ನೋಡಿದ. ಇನ್ನೊಂದು ಬಿತ್ತು. ಮತ್ತೆ ಚೂರಿ, ಮತ್ತೆ ಆ ಒಂಟಿ ಕಣ್ಣು. ಒಂದು ಮರಿ ತಾಯಿಯ ಕೆಚ್ಚಲ ಕೆಳಗೇ ರಕ್ತ ಕಾರಿತು. ಅವಳು ಎದ್ದು ಹೋಗಲಿಲ್ಲ. ಬಿದ್ದ ಪ್ರತಿಯೊಂದರ ಹತ್ತಿರವೂ ಹೋಗಿ ತೊಡೆಗೆ ಕೈಯಿಟ್ಟು, ನಡುಕ ಎಲ್ಲಿಂದ ಶುರುವಾಯಿತೆಂದು ನೋಡಿದಳು. ಅಮ್ಮ ಬಂಡೆಯ ಮೇಲೆ ಕುಳಿತು ಕುಂಟಿಯ ಕೊರಳ ಹಗ್ಗವನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಆಮೇಲೆ ಯಾವುದೂ ಬೀಳಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕುರಿಗಳು ಒಂದೊಂದಾಗಿ ಬಂಡೆಗಳ ನೆರಳಿಗೆ ಬಂದು ಕಾಲು ಮಡಚಿ ಕುಳಿತವು. ಒಂದು ಕುರಿಯ ಗಂಟಲಲ್ಲಿ ಉಂಡೆಯೊಂದು ಮೇಲೇರಿತು, ದವಡೆ ಆಡತೊಡಗಿತು. ಪಕ್ಕದ್ದೂ ಶುರುಮಾಡಿತು. ನೋಡುನೋಡುತ್ತಿದ್ದಂತೆ ಇಡೀ ಇಳಿಜಾರು ಮೆಲುಕು ಹಾಕುತ್ತಿತ್ತು.

ಒಕ್ಕಣ್ಣ ಚೂರಿಯನ್ನು ಹುಲ್ಲಿಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿದ. "ಹೊಟ್ಟೆ ಡಾಕ್ಟ್ರಮ್ಮ, ನಿಮ್ಮ ಹೊಟ್ಟೆಗೆ ಏನಾದ್ರೂ ಬಿತ್ತಾ?"

ಅವಳು ಯೋಚಿಸಿ ನೋಡಿದಳು. ಅಧಿಕಾರಿಗಳಿಗೆ ಬಡಿಸಿದ ದಿನದಿಂದ ಏನೂ ಬಿದ್ದಿರಲಿಲ್ಲ. ಅವನು ತಾನೇ ತಟ್ಟೆಗಳಲ್ಲಿ ಬಡಿಸಿ ತಂದ. ಇಬ್ಬರೂ ರಕ್ತ ಒಣಗಿದ ಕೈಯಲ್ಲೇ ತಿಂದರು. ತಿಂದಾದ ಮೇಲೆ ಅವಳು ಅಭ್ಯಾಸಬಲದಿಂದ ಎರಡೂ ತಟ್ಟೆಗಳನ್ನು ಎತ್ತಿಕೊಂಡು ನೀರಿನ ಕಡೆ ಹೊರಟಳು.

ಅಮ್ಮ ಅವಳ ಸರಿಯಿದ್ದ ಭುಜವನ್ನು ಹಿಡಿದು ಕೂರಿಸಿದಳು.

"ಕೂತ್ಕೋ. ಕುರಿ ಅವರದ್ದು. ತಟ್ಟೆ ಅವರೇ ತೊಳೀಲಿ."

ಒಕ್ಕಣ್ಣ ಒಂದು ಗಳಿಗೆ ನಿಂತ. ಆಮೇಲೆ ಬಗ್ಗಿ ತಟ್ಟೆಗಳನ್ನು ತೆಗೆದುಕೊಂಡು ಹೋದ. ತೊಟ್ಟಿಯ ಬಳಿ ಕುಕ್ಕರಗಾಲಲ್ಲಿ ಕುಳಿತು ಉಜ್ಜತೊಡಗಿದ. ಅಂಚಿಗಂಟಿದ್ದನ್ನು ಅವನು ಹಾಗೇ ಬಿಡುತ್ತಿದ್ದುದು ಅಮ್ಮನಿಗೆ ಅಲ್ಲಿಂದಲೇ ಕಾಣುತ್ತಿತ್ತು.

"ಅಂಚು, ಅಂಚು," ಎಂದಳು ಅಮ್ಮ, ಕೂತಲ್ಲಿಂದಲೇ.